ಬಂತೋ, ಬಂದನೋ

ನನ್ನ ತಮ್ಮನನ್ನು ಊರೆಲ್ಲ ನಿಧಾನಪ್ಪ ಎಂದು ಕರೆಯುತ್ತದೆ. ಹೆತ್ತವರು ಇಟ್ಟ ಹೆಸರು ಅವನ ಲೈಸೆನ್ಸಿನಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿಲ್ಲ. ಬಸ್ಸಿನ ಹಿಂದೆ ‘ನಿಧಾನವೇ ಪ್ರಧಾನ’ ಎಂದು ಬರೆದಿರುತ್ತಾರಲ್ಲ, ಅದನ್ನು ನಿಜವೆಂದು ನಂಬಿ ಬಸ್ ಓಡಿಸಿದ ಡ್ರೈವರ್ ಭೂಮಿಯ ಮೇಲೆ ಅವನೊಬ್ಬನೇ ಇರಬೇಕು. ಕಾಡಿನ ರಸ್ತೆಯ ಮೊದಲ ಬಸ್ಸು ಅವನದು. ಬೆಳಕು ಹರಿಯುವಾಗ ಊರು ಬಿಟ್ಟು, ಬೆಟ್ಟ ಹತ್ತಿ, ಕಾಡು ದಾಟಿ ಆಚೆ ಊರಿಗೆ ಹೋಗಿ, ಮಧ್ಯಾಹ್ನ ಊಟದ ಹೊತ್ತಿಗೆ ವಾಪಸ್ಸು ಬರುತ್ತಿದ್ದ. ಹೆಣ್ಣು ನೋಡುವುದರಲ್ಲೂ ಅಷ್ಟೇ ನಿಧಾನ. ನೋಡಿ ಬಂದು, ಯೋಚನೆ ಮಾಡಿ, ಸರಿ ಎನ್ನುವಷ್ಟರಲ್ಲಿ ಆ ಹುಡುಗಿಯ ಮಗು ಶಾಲೆಗೆ ಹೋಗುತ್ತಿತ್ತು. ಹಾಗಾಗಿ ಮನೆಯಲ್ಲಿ ನಾವಿಬ್ಬರೇ, ಅಕ್ಕ ಮತ್ತು ತಮ್ಮ.

ನಾನು ಬಸ್ಸಿನ ಸೀಟು ಹೊಲಿಯುವವಳು. ಡಿಪೋ ಗೇಟಿನ ಎದುರಿಗೇ ಮನೆ, ಮುಂದಿನ ಕೋಣೆಯೇ ಅಂಗಡಿ. ಹರಿದ ಸೀಟುಗಳನ್ನು ತಂದು ಬಾಗಿಲಲ್ಲಿ ರಾಶಿ ಹಾಕುತ್ತಾರೆ. ಹಳೇ ರೆಕ್ಸಿನ್ ಕಿತ್ತು, ಕುಸಿದ ಸ್ಪಂಜು ತೆಗೆದು ಹೊಸದು ತುಂಬಿ, ಮೊಣಕಾಲಲ್ಲಿ ಒತ್ತಿ ಹಿಡಿದು, ಮೇಣ ಹಚ್ಚಿದ ದಾರದಲ್ಲಿ ಅಂಚು ಹೊಲಿಯಬೇಕು. ಮೆಷಿನ್ನು ಓಡದ ಮೂಲೆಗಳಿಗೆ ದಬ್ಬಣವೇ ಗತಿ. ನನ್ನ ಬಾಯಿಯೂ ದಬ್ಬಣದ ಹಾಗೇ ಎಂದು ಡಿಪೋದವರು ಹೇಳುತ್ತಾರೆ. ಹೇಳಲಿ. ಮೆತ್ತಗಿದ್ದರೆ ಈ ಕೆಲಸಕ್ಕೆ ಒಪ್ಪಿದ ಕೂಲಿಯೂ ಕೈಗೆ ಬರುವುದಿಲ್ಲ.

ತಮ್ಮನದು ನನ್ನ ತದ್ವಿರುದ್ಧ. ಅವನಿಗೊಂದು ಅಭ್ಯಾಸವಿದೆ. ಯಾವ ಪ್ರಾಣಿಗೂ ‘ಅದು’ ಎನ್ನುವುದಿಲ್ಲ. ನಾಯಿ ಬಂದ ಎನ್ನುತ್ತಾನೆ, ಹಸು ಮಲಗಿದ್ದಾಳೆ ಎನ್ನುತ್ತಾನೆ. ಬಸ್ಸು ಸ್ಟಾರ್ಟ್ ಆಗದಿದ್ದರೆ “ಇವತ್ತು ಇವಳಿಗೆ ಸಿಟ್ಟು ಬಂದಿದೆ” ಎಂದು ಬಾನೆಟ್ಟು ತಟ್ಟುತ್ತಾನೆ. ಮನುಷ್ಯರಿಗಂತೂ ಬಹುವಚನವೇ. ಕುಡಿದು ಬಸ್ಸಿನಲ್ಲಿ ಕಕ್ಕಿದವನಿಗೂ “ನೀವು ಸ್ವಲ್ಪ ಕಿಟಕಿ ಹತ್ರ ಬನ್ನಿ” ಎನ್ನುತ್ತಾನೆ. ಮೂಗು ಸೋರುವ ಶಾಲೆ ಮಕ್ಕಳಿಗೂ “ಹತ್ತಿ, ನಿಧಾನವಾಗಿ ಹತ್ತಿ.” ಇಡೀ ಪ್ರಪಂಚದಲ್ಲಿ ಅವನಿಂದ ಏಕವಚನ ಸಿಗುವುದು ಪ್ರಾಣಿಗಳಿಗೆ ಮತ್ತು ನನಗೆ.

“ಅದೇನೋ ಕಂಡೋರಿಗೆಲ್ಲ ಹೋಗಿ ಬನ್ನಿ, ಹೋಗಿ ಬನ್ನಿ?” ಎಂದು ಒಮ್ಮೆ ರೇಗಿದ್ದೆ.

“ಕೈ ತೋರಿಸ್ದೋರೆಲ್ಲ ಪ್ಯಾಸೆಂಜರ್ರೇ ಅಕ್ಕ. ಪ್ಯಾಸೆಂಜರ್‌ಗೆ ಮರ್ಯಾದೆ ಕೊಡ್ಬೇಕಲ್ವಾ?”

ಈ ಮರ್ಯಾದೆಯೇ ಅವನ ಕುತ್ತಿಗೆಗೆ ಬಂತು. ಅದನ್ನೇ ಹೇಳುತ್ತೇನೆ, ಕೇಳಿ.

ಕಾಡಿನ ರಸ್ತೆಯಲ್ಲಿ ಒಂದು ತಿರುವಿದೆ. ಒಂದು ಕಡೆ ಬಂಡೆ, ಒಂದು ಕಡೆ ಕಮರಿ. ಗಂಟಲಲ್ಲಿ ತುತ್ತು ಸಿಕ್ಕಿಕೊಂಡ ಹಾಗೆ ಬಸ್ಸು ತೂರಿ ಹೋಗಬೇಕು, ಅದಕ್ಕೇ ಡ್ರೈವರುಗಳು ಅದನ್ನು ಗಂಟಲು ತಿರುವು ಎನ್ನುತ್ತಾರೆ. ಆ ದಿನ ಬೆಳಗ್ಗೆ ದಟ್ಟ ಮಂಜು. ಬಸ್ಸಿನಲ್ಲಿ ಜನ ತೂಕಡಿಸುತ್ತಿದ್ದರು, ಕಂಡಕ್ಟರು ತಲೆ ಬಗ್ಗಿಸಿ ಟಿಕೆಟ್ ಮೆಷಿನ್ನು ಒತ್ತುತ್ತಿದ್ದ. ತಿರುವಿನಲ್ಲಿ, ಕಮರಿಯ ಕಡೆಯಿಂದ, ಒಂದು ಕಪ್ಪು ಆಕಾರ ಮೇಲೆ ಹತ್ತಿ ಬಂದು ರಸ್ತೆಯ ಮಧ್ಯೆ ನಿಂತಿತು. ಎರಡು ಕಾಲಿನ ಮೇಲೆ. ಬಾಗಿಲಿನಷ್ಟು ಎತ್ತರ, ತಲೆಯಿಂದ ಕಾಲಿನವರೆಗೆ ಕೂದಲು, ಮುಖದ ಮೇಲೂ ಕೂದಲು. ಅದು ಒಂದು ಕೈ ಎತ್ತಿತು.

ತಮ್ಮ ಬ್ರೇಕ್ ಒತ್ತಿದ. ಒದ್ದೆ ರಸ್ತೆಯಲ್ಲಿ ಬಸ್ಸು ಜಾರಿತು. ಬಂಡೆಗೆ ಬಲಗಡೆಯ ಮೈ ಉಜ್ಜಿ, ಗಾಜು ಪುಡಿಯಾಗಿ, ಮುಂದಿನ ಚಕ್ರ ಕಮರಿಯ ಅಂಚಿಗೆ ಹೋಗಿ ನಿಂತಿತು. ಎಡಗಡೆಯ ಕನ್ನಡಿಗೆ ಏನೋ ತಾಗಿದ ಸದ್ದು. ಒಳಗೆ ಕಿರುಚಾಟ. ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ. ಕಂಡಕ್ಟರನ ಕೈ ಮುರಿಯಿತು, ಒಬ್ಬರ ಹಣೆ ಒಡೆಯಿತು. ತಮ್ಮ ಎಲ್ಲರನ್ನೂ ಹಿಂಬಾಗಿಲಿಂದ ಇಳಿಸಿ, ಆಮೇಲೆ ಕಮರಿಯ ಅಂಚಿಗೆ ಹೋಗಿ ಮಂಜಿನೊಳಗೆ ಕೂಗಿದನಂತೆ: “ಏನ್ರೀ! ಪೆಟ್ಟಾಯ್ತೇನ್ರೀ? ಎಲ್ಲಿದ್ದೀರಿ?”

ಉತ್ತರ ಬರಲಿಲ್ಲ. ಕೆಳಗೆ ಗಿಡಗಳು ಮುರಿದ ಸದ್ದು ಸ್ವಲ್ಪ ಹೊತ್ತು ಕೇಳಿಸಿ ನಿಂತುಹೋಯಿತು. ಎಡಗನ್ನಡಿಯ ಚೌಕಟ್ಟಿನಲ್ಲಿ ಒಂದು ಹಿಡಿ ಉದ್ದನೆಯ ಕಪ್ಪು ಕೂದಲು ಸಿಕ್ಕಿಕೊಂಡಿತ್ತು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಊರು ನಮ್ಮದು. ಸಂಜೆಯೊಳಗೆ ಆ ಆಕಾರ ಬಾಗಿಲಿನ ಎತ್ತರದಿಂದ ಮನೆಯ ಎತ್ತರಕ್ಕೆ ಬೆಳೆದಿತ್ತು. ಅದರ ಕಣ್ಣು ಕೆಂಡದ ಹಾಗಿತ್ತೆಂದು ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದವನೂ ಸಾಕ್ಷಿ ಹೇಳಿದ. ಒಬ್ಬ ತನ್ನ ಅಜ್ಜ ಅದನ್ನು ನೋಡಿ ಮೂಗನಾದ ಎಂದ. ಇನ್ನೊಬ್ಬ ಸರ್ಕಸ್ಸಿನಿಂದ ತಪ್ಪಿಸಿಕೊಂಡ ವಾನರ ಎಂದ. ನಿವೃತ್ತಿಯಾದ ಒಬ್ಬ ಭೂಗೋಳದ ಮೇಷ್ಟ್ರು ಬೆತ್ತ ಹಿಡಿದು ತಿರುವಿಗೆ ಹೋಗಿ, ಕೆಸರಿನಲ್ಲಿದ್ದ ಒಂದು ಹೆಜ್ಜೆಗೆ ಪ್ಲಾಸ್ಟರ್ ಹುಯ್ದು ಅಚ್ಚು ತೆಗೆದುಕೊಂಡು ಬಂದರು. ಅಂದಿನಿಂದ ಅವರಿಗೆ ಹೆಜ್ಜೆ ಮೇಷ್ಟ್ರು ಎಂದೇ ಹೆಸರಾಯಿತು. ಅವರು ನನ್ನ ಅಂಗಡಿಗೂ ಬಂದು ಸೀಟಿನ ರಾಶಿಯ ಮೇಲೆ ಕೂತರು.

“ನೋಡಮ್ಮ, ಲಕ್ಷಾಂತರ ವರ್ಷದ ಹಿಂದೆ ದೈತ್ಯ ವಾನರಗಳಿದ್ವು. ಹಲ್ಲು, ದವಡೆ ಸಿಕ್ಕಿದೆ. ಎಲ್ಲಾ ಸತ್ತೋದ್ವು ಅಂತಾರೆ. ಒಂದೆರಡು ಉಳ್ಕೊಂಡಿರಬಾರದು ಅಂತ ಏನಿದೆ? ಹಿಮದ ಬೆಟ್ಟದಲ್ಲಿ ನೋಡಿದೋರಿದ್ದಾರೆ, ದೊಡ್ಡ ದೊಡ್ಡ ಕಾಡಲ್ಲಿ ನೋಡಿದೋರಿದ್ದಾರೆ. ಎಲ್ಲಾರೂ ಸುಳ್ಳು ಹೇಳ್ತಾರಾ?”

“ಎಲ್ಲಾರೂ ಸುಳ್ಳು ಹೇಳಲ್ಲ ಮೇಷ್ಟ್ರೇ. ಒಬ್ಬ ಹೇಳ್ತಾನೆ, ಮಿಕ್ಕೋರು ನಂಬ್ತಾರೆ. ಏಳಿ, ಆ ಸ್ಪಂಜು ಅಪ್ಪಚ್ಚಿ ಆಗ್ತಿದೆ.”

ಅವರು ನಕ್ಕು ಎದ್ದರು. ಕೆಟ್ಟ ಮನುಷ್ಯರಲ್ಲ. ಕರಡಿಯೂ ಎರಡು ಕಾಲಲ್ಲಿ ನಿಲ್ಲುತ್ತದೆ, ಮಂಜಿನಲ್ಲಿ ಎಲ್ಲವೂ ದೊಡ್ಡದಾಗಿ ಕಾಣುತ್ತದೆ ಎಂದು ಅವರೇ ಒಪ್ಪಿಕೊಂಡರು. ಆದರೆ ಊರಿಗೆ ನಗು ತರಿಸಿದ್ದು ಕಂಡಕ್ಟರು ಚಹಾದಂಗಡಿಯಲ್ಲಿ ಹೇಳಿದ ಮಾತು. “ನಮ್ಮ ನಿಧಾನಪ್ಪ ಆ ಕಾಡುಮನುಷ್ಯನಿಗೂ ಏನ್ರೀ ಅಂದ ಕಣ್ರೋ! ಏನ್ರೀ ಪೆಟ್ಟಾಯ್ತೇನ್ರೀ ಅಂತ!” ಒಂದು ವಾರ ಬೀದಿಯಲ್ಲಿ ಯಾರು ಯಾರನ್ನು ಕಂಡರೂ ಹಾಗೆಯೇ ಕೂಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಗು ನಿಂತದ್ದು ಅರಣ್ಯ ಇಲಾಖೆಯ ಜೀಪುಗಳು ಬಂದಾಗ. ಬಸ್ಸಿನ ಮೇಲೆ ಬಿದ್ದ ಪ್ರಾಣಿ ನಾಳೆ ಊರಿನ ಮೇಲೂ ಬೀಳುತ್ತದೆ ಎಂದು ಜನ ಗಲಾಟೆ ಮಾಡಿದ್ದರು. ಬೆಟ್ಟದ ಬುಡದಲ್ಲಿ ಕಾವಲುಗಾರರು ಬಂದೂಕು ಹಿಡಿದು ಬಿಡಾರ ಹೂಡಿದರು. ಬಸ್ಸಿನ ಓಡಾಟ ನಿಂತಿತು. ಸಾರಿಗೆ ಕಚೇರಿಯವರು ವಿಚಾರಣೆಗೆ ದಿನ ಗೊತ್ತು ಮಾಡಿದರು.

ಡ್ರೈವರುಗಳ ಸಂಘದ ಕಾರ್ಯದರ್ಶಿ ಬಂದು ನಮ್ಮಿಬ್ಬರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದ.

“ಅಪಘಾತ ಆದ ದಿನ ನಿಮ್ಮ ತಮ್ಮ ಕೊಟ್ಟಿರೋ ಹೇಳಿಕೇಲಿ ಏನಿದೆ ಗೊತ್ತಾ? ‘ಅಡ್ಡ ಬಂದ, ನಿಂತ, ಕೈ ಎತ್ತಿದ.’ ಬಂದ ಅಂದ್ರೆ ಮನುಷ್ಯ. ಮನುಷ್ಯನಿಗೆ ಬಸ್ಸು ತಾಗಿಸಿದ್ದಾನೆ, ಅವನು ಕಮರಿಗೆ ಬಿದ್ದಿದ್ದಾನೆ ಅಂತಾಗುತ್ತೆ. ಲೈಸೆನ್ಸು ಹೋಗುತ್ತೆ, ಕೇಸೂ ಬೀಳುತ್ತೆ. ಅದೇ ‘ಬಂತು’ ಅಂದ್ರೆ ಕಾಡುಪ್ರಾಣಿ. ಡ್ರೈವರ್ ತಪ್ಪಿಲ್ಲ, ಮುಗೀತು.”

“ಅಷ್ಟೇನಾ?” ಎಂದೆ. “ಬಂದ ಅನ್ನೋದನ್ನ ಬಂತು ಅಂದ್ರೆ ಆಯ್ತಲ್ಲ?”

“ಅಷ್ಟೇ. ಅವನು ನಾಯಿಗೂ ಬಂದ ಅಂತಾನಲ್ಲ, ಅದು ಅವನ ಮಾತಿನ ರೂಢಿ ಅಂತ ನೀವು ಬಂದು ಹೇಳಿ. ಸಾಕಿದ ಅಕ್ಕನ ಮಾತಿಗೆ ಬೆಲೆ ಇದೆ. ಆ ‘ಏನ್ರೀ’ ವಿಷ್ಯ ಮಾತ್ರ ಯಾರೂ ಬಾಯಿ ಬಿಡಬಾರ್ದು. ಕಂಡಕ್ಟರ್‌ಗೂ ಹೇಳಿದೀನಿ.”

“ಅರಣ್ಯದೋರು?” ಎಂದು ತಮ್ಮ ಕೇಳಿದ. ಅಷ್ಟು ಹೊತ್ತಿಗೆ ಅವನು ಬಾಯಿ ತೆರೆದದ್ದು ಅದೇ ಮೊದಲು.

“ಅವರೂ ಅದಕ್ಕೇ ಕಾಯ್ತಿದ್ದಾರೆ. ಪ್ರಾಣಿ ಅಂತ ನೀನು ಅಂದ್ರೆ ಕಾಡಿಗೆ ಇಳೀತಾರೆ. ಕಂಡ ಕೂಡ್ಲೇ ಹೊಡೆಯೋಕೆ ಅಪ್ಪಣೆ ಆಗಿದೆ. ಜನಾನೂ ಅದನ್ನೇ ಕೇಳ್ತಿರೋದು.”

ತಮ್ಮ ತನ್ನ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಸ್ಟೇರಿಂಗ್ ಹಿಡಿದು ಹಿಡಿದು ಅವು ರೆಕ್ಸಿನ್ನಿನ ಹಾಗೆ ಗಟ್ಟಿಯಾಗಿವೆ. ಆ ಕೈಗೆ ಬೇರೆ ಕೆಲಸ ಬರುವುದಿಲ್ಲ. ಬಸ್ಸು ಬಿಟ್ಟರೆ ಅವನು ನೀರಿನಿಂದ ತೆಗೆದ ಮೀನು. ಅದು ನನಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ವಿಚಾರಣೆಯ ಹಿಂದಿನ ದಿನ ಮಧ್ಯಾಹ್ನ ಒಬ್ಬ ಹೆಂಗಸು ಅಂಗಡಿಯ ಬಾಗಿಲಿಗೆ ಬಂದು ನಿಂತಳು. ಸೀಟು ರಿಪೇರಿಗೆ ಬಂದವಳಲ್ಲ, ಕೈ ಖಾಲಿ ಇತ್ತು. ಚಪ್ಪಲಿಗೆ ಕೆಂಪು ಮಣ್ಣು ಮೆತ್ತಿತ್ತು. ಬಸ್ಸು ನಿಂತಿದ್ದರಿಂದ ಆಚೆ ಊರಿನಿಂದ ನಡೆದೇ ಬಂದಿದ್ದಳು.

“ಡ್ರೈವರಣ್ಣನ ಮನೆ ಇದೇನಾ?”

“ಹೌದು. ಏನಾಗಬೇಕಿತ್ತು?”

“ಅಣ್ಣ ‘ಬಂದ’ ಅಂದ್ರಂತೆ. ನಿಜವಾಗ್ಲೂ ಬಂದ ಅಂದ್ರಾ, ಬಂತು ಅಂದ್ರಾ? ಅದನ್ನ ಕೇಳ್ಕೊಂಡು ಹೋಗೋಣ ಅಂತ ಬಂದೆ.”

ನನ್ನ ಕೈಯ ದಬ್ಬಣ ನಿಂತಿತು. ಒಳಗಿನ ಕೋಣೆಯಲ್ಲಿ ತಮ್ಮ ಮಲಗಿದ್ದ. ನಡುವೆ ಇದ್ದದ್ದು ಒಂದು ಪರದೆ, ಅಷ್ಟೇ.

ಅವಳು ನಿಂತುಕೊಂಡೇ ಹೇಳಿದಳು. ಅವಳ ಗಂಡನಿಗೆ ಹುಟ್ಟಿನಿಂದಲೇ ಮೈತುಂಬ ಕೂದಲು, ಮುಖದ ಮೇಲೂ. ಆಳು ಬೇರೆ ಎತ್ತರ. ಮರದ ಮಿಲ್ಲಿನಲ್ಲಿ ದಿಮ್ಮಿ ಹೊರುತ್ತಿದ್ದ. ಊರಿನವರು ಅವನಿಗೆ ಇಟ್ಟ ಹೆಸರು ಕರಡಿ. ಮಕ್ಕಳು ಕಲ್ಲು ಹೊಡೆಯುತ್ತಿದ್ದರು, ದೊಡ್ಡವರು ನಗುತ್ತಿದ್ದರು. ಮಿಲ್ಲಿನ ಯಜಮಾನನ ಸೊಸೆ ಬಸುರಿಯಾದಾಗ ‘ನೀನು ಅವಳ ಕಣ್ಣಿಗೆ ಬೀಳಬೇಡ, ಹೆರಿಗೆ ಆಗೋವರೆಗೆ ಈ ಕಡೆ ಬರಬೇಡ’ ಎಂದರಂತೆ. ಅವತ್ತು ಸಂಜೆ ಅವನು ಊಟ ಮಾಡದೆ ಎದ್ದು ಕಾಡಿನ ದಾರಿ ಹಿಡಿದವನು ಮತ್ತೆ ಬಂದಿರಲಿಲ್ಲ. ಹೋದ ವರ್ಷದ ಮಾತು.

“ಪೊಲೀಸರಿಗೆ ಹೇಳಿದ್ರಾ?” ಎಂದೆ.

“ಹೇಳ್ದೆ. ‘ಕರಡಿ ಕಾಡಿಗೆ ಹೋಯ್ತಾ? ಒಳ್ಳೇದೇ ಆಯ್ತಲ್ಲ’ ಅಂದ್ರು.”

ನನಗೆ ಕರುಳು ಚುರುಕ್ ಎಂದಿತು. ಸುಳ್ಳೇಕೆ ಹೇಳಲಿ. ಆದರೆ ಕರುಳು ಚುರುಕ್ ಎಂದ ಮಾತ್ರಕ್ಕೆ ಸಾಕಿದ ತಮ್ಮನನ್ನು ಬಾವಿಗೆ ನೂಕಲಾಗುತ್ತದೆಯೇ? ನಾನು ದನಿ ಗಟ್ಟಿ ಮಾಡಿದೆ. “ನೋಡಮ್ಮ, ನನ್ನ ತಮ್ಮ ನೋಡಿದ್ದು ನಿಜವಾದ ಕರಡಿ. ನಾಲ್ಕು ಕಾಲಿನ ಕರಡಿ. ಅವನು ಹಸು, ನಾಯಿ ಎಲ್ಲಕ್ಕೂ ಬಂದ, ಹೋದ ಅಂತಾನೆ. ನೀನು ಇಲ್ಲದ ಆಸೆ ಇಟ್ಕೋಬೇಡ.”

ಅವಳು ಅಳಲಿಲ್ಲ, ಜಗಳವಾಡಲಿಲ್ಲ. ಬಾಗಿಲಲ್ಲಿದ್ದ ಒಂದು ಸೀಟಿನ ಹರಿದ ಅಂಚು ಸರಿಮಾಡುತ್ತ ಕೇಳಿದಳು.

“ಬಸ್ಸಿಗೆ ಕೈ ಅಡ್ಡ ಹಾಕಿದ್ದು ಹೌದಂತಲ್ಲ ಅಕ್ಕ? ಕರಡಿ ಬಸ್ಸಿಗೆ ಕೈ ಅಡ್ಡ ಹಾಕುತ್ತಾ?”

ನಾನು ದಾರಕ್ಕೆ ಮತ್ತೆ ಮೇಣ ಹಚ್ಚತೊಡಗಿದೆ.

“ಇವ್ರಿಗೆ ಬಸ್ಸು ಅಂದ್ರೆ ಇಷ್ಟ. ಆದ್ರೆ ಯಾರೂ ನಿಲ್ಸ್ತಿರ್ಲಿಲ್ಲ, ನೋಡಿ ಹೆದ್ರಿ ಮುಂದಕ್ಕೆ ಹೋಗ್ಬಿಡೋರು. ಮನೆಗೆ ಬರೋಕೆ ಕೈ ಹಾಕಿರ್ತಾರೆ ಅಕ್ಕ. ನಾಳೆ ಅಣ್ಣ ಬಂತು ಅಂದ್ರೆ ಗುಂಡು ಹೊಡೀತಾರೆ. ಅಷ್ಟು ಹೇಳಿ ಅಣ್ಣಂಗೆ.”

“ಹೇಳ್ತೀನಿ, ಹೋಗು” ಎಂದೆ. ಹೇಳುವ ಮನಸ್ಸು ಎಳ್ಳಷ್ಟೂ ಇರಲಿಲ್ಲ. ಅವಳು ಮೆಟ್ಟಿಲಿಳಿದು ಹೋದಳು. ಪರದೆ ಸರಿಸಿ ನೋಡಿದರೆ ತಮ್ಮ ಮಂಚದ ಮೇಲೆ ಎದ್ದು ಕೂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ.

“ಲೋ, ಅವಳು ಹೇಳಿದ್ದನ್ನೆಲ್ಲ ತಲೇಗೆ ಹಾಕ್ಕೋಬೇಡ.”

“ಇಲ್ಲ ಅಕ್ಕ.”

“ನಾಳೆ ನೀನು ಸುಮ್ನೆ ಕೂತಿರು. ಮಾತೆಲ್ಲ ನಾನು ಆಡ್ತೀನಿ.”

“ಸರಿ ಅಕ್ಕ.”

“ನಿಂಗೆ ನಿಜವಾಗ್ಲೂ ಏನು ಕಾಣಿಸ್ತೋ? ನನ್ ಹತ್ರ ಆದ್ರೂ ಹೇಳು.”

ಅವನು ಯೋಚಿಸಿದ. ಅವನು ಯೋಚಿಸುವುದನ್ನು ಕಾಯುತ್ತ ಕೂರುವುದಕ್ಕಿಂತ ಹಲ್ಲು ಕೀಳಿಸಿಕೊಳ್ಳುವುದು ವಾಸಿ. “ಮಂಜಿತ್ತು ಅಕ್ಕ. ಮುಖ ಸರಿಯಾಗಿ ಕಾಣ್ಲಿಲ್ಲ. ಕೈ ಮಾತ್ರ ಕಾಣಿಸ್ತು. ದಿನಾ ನೋಡೋ ಕೈಯೇ. ಸ್ಟಾಪಲ್ಲಿ ನಿಂತು ಹಾಕ್ತಾರಲ್ಲ, ಹಾಗೇ.”

ಆ ಸಂಜೆ ಅವನು ತಟ್ಟೆಯ ಮುಂದೆ ಕೂತು ಹಾಗೇ ಎದ್ದ. ನಾನು ಬೈದೆ, ಅವನು ಕೇಳಿಸಿಕೊಂಡ. ಎಂದಿನಂತೆ.

ವಿಚಾರಣೆ ಡಿಪೋದ ಮಹಡಿಯಲ್ಲಿ. ಉದ್ದನೆಯ ಮೇಜು, ಕರಕರ ಎನ್ನುವ ಫ್ಯಾನು, ಗ್ರೀಸಿನ ವಾಸನೆ ಅಲ್ಲಿಗೂ ಹತ್ತಿ ಬಂದಿತ್ತು. ಮಧ್ಯದಲ್ಲಿ ವಿಚಾರಣೆಯ ಅಧಿಕಾರಿ, ಅವರ ಪಕ್ಕದಲ್ಲಿ ಹಸಿರು ಬಟ್ಟೆಯ ಅರಣ್ಯಾಧಿಕಾರಿ, ತುದಿಯಲ್ಲಿ ಬರೆದುಕೊಳ್ಳುವ ಗುಮಾಸ್ತ. ಅವರು ಕೂತ ಕುರ್ಚಿಗಳ ಸೀಟು ನಾನೇ ಹೊಲಿದದ್ದು. ಅಧಿಕಾರಿಯ ಕುರ್ಚಿಯ ಅಂಚು ಒಂದು ಕಡೆ ಬಿಟ್ಟುಕೊಂಡಿತ್ತು. ಗಾಬರಿಯಲ್ಲಿ ನನ್ನ ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು.

ಮೊದಲು ಕಂಡಕ್ಟರು, ಪಟ್ಟಿ ಕಟ್ಟಿದ ಕೈ ಎದೆಗೆ ನೇತುಹಾಕಿಕೊಂಡು, ತಾನು ಟಿಕೆಟ್ ಕೊಡುತ್ತಿದ್ದೆ, ಕಪ್ಪಗೆ ಏನೋ ಕಂಡಿತು, ಅಷ್ಟೇ ಎಂದ. ‘ಏನ್ರೀ’ ಸುದ್ದಿ ಎತ್ತಲಿಲ್ಲ. ಹೆಜ್ಜೆ ಮೇಷ್ಟ್ರು ಅಚ್ಚನ್ನು ತಂದು ಮೇಜಿನ ಮೇಲಿಟ್ಟರು. ಅರ್ಧ ಹೆಜ್ಜೆ ಮಾತ್ರ ಮೂಡಿತ್ತು, ಹಿಮ್ಮಡಿ ಕೆಸರಲ್ಲಿ ಕಲಸಿಹೋಗಿತ್ತು. ಕನ್ನಡಿಯಲ್ಲಿ ಸಿಕ್ಕ ಕೂದಲು ಪರೀಕ್ಷೆಗೆ ಹೋಗಿದೆ, ಉತ್ತರ ಯಾವಾಗ ಬರುತ್ತದೋ ಗೊತ್ತಿಲ್ಲ ಎಂದು ಅರಣ್ಯಾಧಿಕಾರಿ ಹೇಳಿದರು. ಅಲ್ಲಿಯವರೆಗೆ ಕಾಯಲು ಜನ ಬಿಡುತ್ತಿಲ್ಲ. ಡ್ರೈವರನ ಮಾತೇ ಈಗ ಆಧಾರ.

“ಇಲ್ಲಿ ನೀವು ‘ಬಂದ, ನಿಂತ, ಕೈ ಎತ್ತಿದ’ ಅಂತ ಹೇಳಿದೀರಿ” ಎಂದು ಅಧಿಕಾರಿ ತಮ್ಮನ ಕಡೆ ತಿರುಗಿದರು. ದನಿ ಒರಟಾಗಿರಲಿಲ್ಲ. “ಯಾರು ಬಂದದ್ದು?”

ತಮ್ಮ ಎದ್ದು ನಿಂತ. ಬಾಯಿ ತೆರೆದ.

ಕಾರ್ಯದರ್ಶಿ ಥಟ್ಟನೆ ಎದ್ದು, ಇವನ ಅಕ್ಕ ಬಂದಿದ್ದಾರೆ, ಇವನ ಮಾತಿನ ರೂಢಿ ಅವರಿಗೆ ಗೊತ್ತು ಎಂದ. ನನ್ನನ್ನು ಕರೆದರು. ನಾನು ಮೇಜಿನ ಮುಂದೆ ನಿಂತೆ. ನನ್ನ ಜನ್ಮದಲ್ಲೇ ಅಷ್ಟು ಮೆತ್ತಗೆ ಮಾತಾಡಿರಲಿಲ್ಲ.

“ಸಾರ್, ಇವನು ಚಿಕ್ಕಂದಿನಿಂದ ಹೀಗೇ. ಕೋಳಿ ಮೊಟ್ಟೆ ಇಟ್ಟಳು ಅಂತಾನೆ. ಬೀದಿನಾಯಿ ಸತ್ರೆ ‘ಪಾಪ ಹೋಗ್ಬಿಟ್ಟ’ ಅಂತಾನೆ. ಬಸ್ಸಿಗೂ ಅವಳು ಇವಳು ಅಂತಾನೆ ಸಾರ್. ಬೇಕಾದ್ರೆ ಡಿಪೋದಲ್ಲಿ ಯಾರನ್ನಾದ್ರೂ ಕೇಳಿ.”

ಗುಮಾಸ್ತ ನಕ್ಕ. ಅಧಿಕಾರಿಯ ಮುಖವೂ ಸಡಿಲಾಯಿತು. “ಹಾಗಾದ್ರೆ ಮನುಷ್ಯರಿಗೆ ಏನಂತಾರೆ?”

“ಮನುಷ್ಯರಿಗೆ ಬಂದ ಅನ್ನೋದೇ ಇಲ್ಲ ಸಾರ್! ಬಂದರು, ಹೋದರು. ಭಿಕ್ಷೆಯೋರಿಗೂ ಬನ್ನಿ, ಕುಡುಕರಿಗೂ ಕೂತ್ಕೊಳ್ಳಿ. ಇವನು ‘ಬಂದ’ ಅಂದ ಅಂದ್ರೆ ಅದು ಪ್ರಾಣೀನೇ. ನನ್ನಾಣೆ.”

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದುಕೊಂಡೆ. ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಕಾರ್ಯದರ್ಶಿ ನನ್ನ ಕಡೆ ನೋಡಿ ತಲೆಯಾಡಿಸಿದ. ಅಧಿಕಾರಿ ಗುಮಾಸ್ತನಿಗೆ ಹೇಳಿದರು: “ಬರ್ಕೊಳ್ಳಿ. ತಿರುವಿನಲ್ಲಿ ಒಂದು ಕಾಡುಪ್ರಾಣಿ ಅಡ್ಡ ಬಂತು.” ಪೆನ್ನು ಕಾಗದಕ್ಕೆ ತಾಗಿತು. ಅರಣ್ಯಾಧಿಕಾರಿ ಜೇಬಿನಿಂದ ಫೋನು ತೆಗೆದರು. “ನಮ್ಮೋರು ಬೆಳಿಗ್ಗೆಯಿಂದ ಕಾಯ್ತಿದ್ದಾರೆ. ಇಳೀರಿ ಅಂತ ಹೇಳಿಬಿಡ್ತೀನಿ” ಎಂದು ಕಿವಿಗಿಟ್ಟುಕೊಂಡರು. ಆ ಕಡೆ ರಿಂಗ್ ಆಗುವುದು ನನಗೂ ಕೇಳಿಸುತ್ತಿತ್ತು.

“ಸಾರ್, ಒಂದ್ನಿಮಿಷ” ಎಂದ ತಮ್ಮ.

ಎಲ್ಲರೂ ತಿರುಗಿದರು. ಅವನು ನಿಂತೇ ಇದ್ದ. ನಾನು ಕಣ್ಣಿನಲ್ಲೇ ಬೇಡ ಬೇಡ ಎಂದೆ. ಆ ಪುಣ್ಯಾತ್ಮ ನನ್ನನ್ನು ನೋಡಲಿಲ್ಲ. ರಿಂಗ್ ಆಗುತ್ತಲೇ ಇತ್ತು. ಅವನು ಎಂದಿನಂತೆ ನಿಧಾನವಾಗಿ, ಒಂದೊಂದೇ ಗೇರು ಬದಲಿಸುವವನ ಹಾಗೆ ಮಾತು ಶುರು ಮಾಡಿದ. ಯಾರಾದರೂ ಆ ಕಡೆ ಫೋನು ಎತ್ತಿಬಿಟ್ಟರೆ ಎಂದು ನನ್ನ ಕಿವಿ ಆ ರಿಂಗಿನ ಮೇಲೇ ಇತ್ತು. ಎತ್ತಲಿ ಎಂದು ಹರಕೆ ಹೊರಬೇಕಾದವಳು ನಾನು, ಎತ್ತದಿರಲಿ ಎನ್ನುತ್ತಿದ್ದೆ. ಅದು ಹೇಗಾಯಿತೋ ನನಗೇ ತಿಳಿಯದು.

“ಅಕ್ಕ ಹೇಳಿದ್ದು ನಿಜ ಸಾರ್. ಪ್ರಾಣಿಗೆ ಬಂದ ಅಂತೀನಿ, ಮನುಷ್ಯರಿಗೆ ಬಂದರು ಅಂತೀನಿ. ಅವತ್ತು ಕೈಕಾಲು ನಡುಗ್ತಿತ್ತು, ನಾಲಿಗೆ ತಪ್ತು. ತಪ್ಪಾಯ್ತು. ಅದನ್ನ ಸರಿ ಮಾಡ್ಕೊಳ್ಳಿ.”

“ಏನಂತ?” ಎಂದರು ಅಧಿಕಾರಿ.

“ಬಂದರು ಅಂತ. ಅವರು ಬಂದರು ಸಾರ್. ನಿಂತರು. ಬಸ್ಸಿಗೆ ಕೈ ಅಡ್ಡ ಹಾಕಿದರು. ನಾನು ಇಳಿದು ‘ಏನ್ರೀ, ಪೆಟ್ಟಾಯ್ತೇನ್ರೀ’ ಅಂತ ಕೂಗಿದೆ. ಕಂಡಕ್ಟರ್ ಕೇಳಿಸ್ಕೊಂಡಿದ್ದಾರೆ, ಊರೆಲ್ಲ ಕೇಳಿಸ್ಕೊಂಡು ನಕ್ಕಿದೆ. ಪ್ರಾಣಿ ಅಂತ ಅನ್ನಿಸಿದ್ರೆ ನಾನು ಏನ್ರೀ ಅಂತಿದ್ನಾ?”

ಕಂಡಕ್ಟರು ತಲೆ ತಗ್ಗಿಸಿದ. ಆಮೇಲೆ ನೆಲ ನೋಡುತ್ತಲೇ “ಅಂದಿದ್ದು ಹೌದು ಸಾರ್” ಎಂದ.

“ಯೋಚನೆ ಮಾಡಿ ಹೇಳ್ತಿದೀರಾ? ಇದನ್ನ ಬರ್ಕೊಂಡ್ರೆ ನಾನು ನಿಮ್ಮನ್ನ ಮತ್ತೆ ಸ್ಟೇರಿಂಗ್ ಮುಂದೆ ಕೂರ್ಸೋಕಾಗಲ್ಲ. ಮೇಲೆ ಪೊಲೀಸಿಗೂ ಹೋಗುತ್ತೆ.”

“ಯೋಚ್ನೆ ಮಾಡಿದೀನಿ ಸಾರ್. ಕೈ ತೋರಿಸ್ದೋರು ಪ್ಯಾಸೆಂಜರು. ಅವರಿಗೆ ಪೆಟ್ಟಾಗಿದ್ರೆ ಹುಡುಕ್ಬೇಕು, ಹೊಡೀಬಾರ್ದು. ಬಂದರು ಅಂತ ಬರ್ಕೊಳ್ಳಿ.”

ಆ ಕಡೆಯಿಂದ “ಹಲೋ ಸಾರ್, ಇಳಿಯೋಣ್ವಾ?” ಎನ್ನುವ ದನಿ ಕೇಳಿಸಿತು. ಅರಣ್ಯಾಧಿಕಾರಿ ಫೋನು ಹಿಡಿದುಕೊಂಡೇ ಗುಮಾಸ್ತನ ಕಾಗದ ನೋಡಿದರು. ಗುಮಾಸ್ತ ‘ಬಂತು’ ಹೊಡೆದುಹಾಕುತ್ತಿದ್ದ.

“ಬಂದೂಕು ಒಳಗಿಡಿ” ಎಂದರು ಅವರು ಫೋನಿಗೆ. “ಹಗ್ಗ ತಗೊಳ್ಳಿ, ಸ್ಟ್ರೆಚರ್ ತಗೊಳ್ಳಿ. ಒಬ್ಬರು ಬಿದ್ದಿರಬಹುದು.”

ಮೆಟ್ಟಿಲಿಳಿಯುವಾಗ ನನ್ನ ಬಾಯಿಗೆ ಬ್ರೇಕ್ ಇರಲಿಲ್ಲ. “ಹಾಳಾದವನೇ, ಕೋಲು ಕೊಟ್ಟು ಹೊಡೆಸಿಕೊಂಡ್ಯಲ್ಲೋ! ನಿನ್ನ ಸಾಕೋಕೆ ನಾನು ಬೆರಳೆಲ್ಲ ತೂತು ಮಾಡ್ಕೊಂಡೆ. ಒಂದು ದಿನ ನನಗೆ ‘ಬನ್ನಿ’ ಅಂದಿದ್ದೀಯೇನೋ? ಕಾಡಲ್ಲಿ ಕಂಡೋರಿಗೆ ಬಂದರಂತೆ, ನಿಂತರಂತೆ!”

ಅವನು ಎರಡು ಮೆಟ್ಟಿಲು ಕೆಳಗೆ ನಿಂತು ತಿರುಗಿ ನೋಡಿದ. “ಬನ್ನಿ ಅಕ್ಕನೋರೇ, ಮೆಟ್ಲು ಜಾರುತ್ತೆ, ನಿಧಾನವಾಗಿ ಬನ್ನಿ” ಎಂದು ಕೈ ಚಾಚಿದ. ನನಗೆ ನಗುವೂ ಬಂತು, ಅಳುವೂ ಬಂತು. ಆ ಕೈ ಹಿಡಿದೇ ಇಳಿದೆ.

ಈಗ ಅವನು ಡಿಪೋದಲ್ಲಿ ಬಸ್ಸು ತೊಳೆಯುತ್ತಾನೆ. ಕೇಸು ನಡೆಯುತ್ತಿದೆ. ಪೈಪು ಹಿಡಿದು ಚಕ್ರ ಉಜ್ಜುತ್ತ ಬಸ್ಸುಗಳ ಜೊತೆ ಮಾತಾಡುತ್ತಿರುವುದು ನನ್ನ ಅಂಗಡಿಗೇ ಕಾಣುತ್ತದೆ. ಬೆಳಗ್ಗೆ ಮೊದಲ ಬಸ್ಸು ಗೇಟು ದಾಟುವಾಗ ಮಾತ್ರ ಅವನು ಆ ಕಡೆ ನೋಡುವುದಿಲ್ಲ. ಹುಡುಕಲು ಇಳಿದವರಿಗೆ ಕಮರಿಯಲ್ಲಿ ಮುರಿದ ಗಿಡಗಳು ಸಿಕ್ಕವು, ಒಂದು ಗುಹೆಯ ಬಾಯಲ್ಲಿ ಆರಿದ ಬೂದಿ ಸಿಕ್ಕಿತು. ಯಾರೂ ಸಿಗಲಿಲ್ಲ, ಹೆಣವೂ ಸಿಗಲಿಲ್ಲ. ಹೆಜ್ಜೆ ಮೇಷ್ಟ್ರು ತಮ್ಮ ದೈತ್ಯ ವಾನರನನ್ನು ಬಿಟ್ಟುಕೊಟ್ಟಿಲ್ಲ. ವಾನರಕ್ಕೂ ಬೆಂಕಿ ಹಚ್ಚಲು ಬರುತ್ತಿತ್ತೇನೋ ಎನ್ನುತ್ತಾರೆ. ಇರಲಿ, ಅವರ ನಂಬಿಕೆ ಅವರದು.

ಆದರೆ ಅವತ್ತು ಗೇಟಿನ ಹತ್ತಿರ ನಡೆದದ್ದನ್ನು ಹೇಳದೆ ಈ ಮಾತು ಮುಗಿಯುವುದಿಲ್ಲ. ನಾವು ಇಳಿದು ಬಂದಾಗ ಆ ಹೆಂಗಸು ಗೇಟಿನ ಕಂಬ ಹಿಡಿದು ನಿಂತಿದ್ದಳು. ಹಿಂದಿನ ದಿನ ಊರಿಗೆ ಹೋಗಿಯೇ ಇರಲಿಲ್ಲವೇನೋ, ಚಪ್ಪಲಿಯ ಮಣ್ಣು ಹಾಗೇ ಇತ್ತು. ನನ್ನನ್ನು ನೋಡಿ ಮುಖ ತಗ್ಗಿಸಿ, ತಮ್ಮನನ್ನು ಕೇಳಿದಳು.

“ಏನಂದ್ರಿ ಅಣ್ಣ? ಬಂತು ಅಂದ್ರಾ, ಬಂದ ಅಂದ್ರಾ?”

“ಬಂದರು ಅಂದೆ ಅಮ್ಮ” ಎಂದ ತಮ್ಮ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅವನ ಮುಖವನ್ನೂ ನನ್ನ ಮುಖವನ್ನೂ ಬದಲಿಸಿ ಬದಲಿಸಿ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ. ಆಗ ಅವಳು ಕಂಬ ಬಿಟ್ಟು, ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಅಲ್ಲೇ ನೆಲಕ್ಕೆ ಕುಸಿದು ಕೂತಳು. ನಾನು ಓಡಿಹೋಗಿ ಹಿಡಿದುಕೊಂಡೆ.

“ನನ್ನ ಬಿಟ್ರೆ ಅವರನ್ನ ‘ಬಂದರು’ ಅಂದೋರು ನೀವೊಬ್ರೇ ಅಣ್ಣ” ಎಂದಳು.